ಅರ್ಜಿಯ ದಾರಿ ಬೇರೆ, ತಕರಾರಿನ ದಾರಿ ಬೇರೆ

ಮೊಬೈಲಿನಲ್ಲಿ ಅರ್ಜಿಯ ಸ್ಥಿತಿ ನೋಡಿದರೆ ತಿಂಗಳಿಂದ ಅದೇ ಸಾಲು: ‘ಪರಿಶೀಲನೆಯಲ್ಲಿದೆ’. ತಾಲೂಕು ಕಚೇರಿಗೆ ಹೋದರೆ ‘ಸರ್ವರ್ ಇಲ್ರೀ, ನಾಳೆ ಬರ್ರಿ’. ಹಚ್ಚೊಳ್ಳಿ, ಕರೂರು ಕಡೆಯಿಂದ ಸಿರುಗುಪ್ಪಕ್ಕೆ ಬರುವವರು ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಖರ್ಚು ಹಾಕಿಕೊಂಡು ಬರುತ್ತಾರೆ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಪೀಸಿನ ಲೆಕ್ಕಕ್ಕೆ ಹೊಲಿಯುವವರು ಅರ್ಧ ದಿನ ಕಚೇರಿಯಲ್ಲಿ ನಿಂತರೆ ಅರ್ಧ ದಿನದ ಸಂಪಾದನೆ ಹೋಯಿತೆಂದೇ ಲೆಕ್ಕ. ಇಷ್ಟು ಓಡಾಡಿದರೂ ಕೆಲಸ ಆಗದಿರುವುದಕ್ಕೆ ಸಿಬ್ಬಂದಿಯ ಉದಾಸೀನ ಒಂದು ಕಾರಣ ಇರಬಹುದು. ಆದರೆ ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಕಾರಣವಿದೆ. ಕೌಂಟರಿನಲ್ಲಿ ನೀವು ಕೊಟ್ಟ ಕಾಗದ ಕಂಪ್ಯೂಟರಿನೊಳಗೆ ಹೋದ ಮೇಲೆ ಎರಡರಲ್ಲಿ ಒಂದು ರೂಪ ತಾಳುತ್ತದೆ: ನೇರ ಅರ್ಜಿ, ಇಲ್ಲವೇ ಪ್ರಕರಣ. ಎರಡನ್ನೂ ಬೆನ್ನು ಹತ್ತುವ ರೀತಿ ಬೇರೆ ಬೇರೆ. ಅರ್ಜಿಗೆ ಮಾಡಬೇಕಾದ್ದನ್ನು ಪ್ರಕರಣಕ್ಕೆ ಮಾಡಿದರೆ ಚಪ್ಪಲಿ ಸವೆಯುತ್ತದೆಯೇ ಹೊರತು ಕಡತ ಅಲುಗುವುದಿಲ್ಲ.

ಈ ವ್ಯತ್ಯಾಸ ಬಂದದ್ದು ಎಲ್ಲಿಂದ

ಕಚೇರಿ ಕಾಗದವನ್ನು ಸ್ಕ್ಯಾನ್ ಮಾಡಿ ಒಂದು ಟೇಬಲಿನಿಂದ ಇನ್ನೊಂದಕ್ಕೆ ಕಳಿಸುವ ತಂತ್ರಾಂಶಗಳು 1980ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದವು. 1982ರಲ್ಲಿ ಶುರುವಾದ ಫೈಲ್‌ನೆಟ್ ಕಂಪನಿ ಅವುಗಳಲ್ಲಿ ಹೆಸರಾದದ್ದು. ಮುಂದೆ ಇವೇ ಬೆಳೆದು ಬಿಸಿನೆಸ್ ಪ್ರೊಸೆಸ್ ಮ್ಯಾನೇಜ್‌ಮೆಂಟ್, ಅಂದರೆ ಬಿಪಿಎಂ ಎನಿಸಿಕೊಂಡವು. ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ ಎಂದು ಮೊದಲೇ ನಕ್ಷೆ ಬರೆದಿಟ್ಟರೆ ಕಡತ ತಾನಾಗಿ ಮುಂದಿನವರ ಬಳಿ ಹೋಗುತ್ತದೆ. ಆ ನಕ್ಷೆ ಬರೆಯಲು ಬಿಪಿಎಂಎನ್ ಎಂಬ ಏಕರೂಪದ ಕ್ರಮ 2004ರಲ್ಲಿ ಬಂತು. ಆದರೆ ವಿಮಾ ಕ್ಲೇಮು, ಆಸ್ಪತ್ರೆಯ ಚಿಕಿತ್ಸೆ, ನ್ಯಾಯಾಲಯದ ವ್ಯಾಜ್ಯ ಇಂಥವು ಆ ನಕ್ಷೆಯೊಳಗೆ ಕೂರಲಿಲ್ಲ. ಅಲ್ಲಿ ಮುಂದಿನ ಹೆಜ್ಜೆ ಯಾವುದು ಎಂಬುದು ಕಡತದಲ್ಲಿ ಏನು ಸಿಕ್ಕಿತು ಎಂಬುದರ ಮೇಲೆ ನಿಲ್ಲುತ್ತದೆ. 2005ರಲ್ಲಿ ನೆದರ್ಲೆಂಡ್ಸಿನ ವಿಜ್ಞಾನಿ ವಿಲ್ ವಾನ್ ಡರ್ ಆಲ್ಸ್ಟ್ ಮತ್ತು ಸಂಗಡಿಗರು ಇಂಥ ಕೆಲಸಕ್ಕೆ ಬೇರೆಯೇ ಬಗೆಯ ತಂತ್ರಾಂಶ ಬೇಕೆಂದು ವಾದಿಸಿದರು. 2014ರಲ್ಲಿ ಪ್ರಕರಣ ನಿರ್ವಹಣೆಗೆಂದೇ ಸಿಎಂಎಂಎನ್ ಎಂಬ ಪ್ರತ್ಯೇಕ ಮಾನಕ ಹೊರಬಂತು.

ನಮ್ಮ ರಾಜ್ಯ ಹೆಚ್ಚುಕಡಿಮೆ ಇದೇ ಹಾದಿಯಲ್ಲಿ ನಡೆದಿದೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ, ಮ್ಯುಟೇಶನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಕೂರಿಸಿತು. ಬೆರಳಚ್ಚು ಕೊಟ್ಟು ಒಳಹೋದ ಸಿಬ್ಬಂದಿಗೂ ಸರದಿ ಮುರಿಯಲು ಬಿಡಲಿಲ್ಲ. 2012ರ ಏಪ್ರಿಲ್ 2ರಂದು ರಾಜ್ಯವಿಡೀ ಜಾರಿಗೆ ಬಂದ ‘ಸಕಾಲ’ ಪ್ರತಿ ಸೇವೆಗೂ ದಿನದ ಗಡುವು ಹಾಕಿತು. ‘ಸೇವಾ ಸಿಂಧು’ವಿಗೆ ಆಧಾರವಾದ ಸರ್ವಿಸ್‌ಪ್ಲಸ್ ಎಂಬ ಎನ್‌ಐಸಿ ತಂತ್ರಾಂಶದಲ್ಲಿ ಇಲಾಖೆಯವರು ಕೋಡ್ ಬರೆಯದೆಯೇ ತಮ್ಮ ಸೇವೆಯ ಹೆಜ್ಜೆಗಳನ್ನು ಜೋಡಿಸಿಕೊಳ್ಳಬಹುದು. ಇವೆಲ್ಲ ನೇರ ಅರ್ಜಿಯ ದಾರಿಗಳು. ಪ್ರಕರಣಗಳಿಗೆ ಬೇರೆ ಮನೆಗಳಿವೆ: ಕಂದಾಯ ನ್ಯಾಯಾಲಯಗಳಿಗೆ ಆರ್‌ಸಿಸಿಎಂಎಸ್, ಸಿವಿಲ್ ಮತ್ತು ಕ್ರಿಮಿನಲ್ ನ್ಯಾಯಾಲಯಗಳಿಗೆ ಇ-ಕೋರ್ಟ್ಸ್.

ಎರಡಕ್ಕೂ ಯಾಕೆ ಬೇರೆ ಪಟ್ಟು

ಆದಾಯ ಪ್ರಮಾಣಪತ್ರ ನೇರ ಅರ್ಜಿ. ನಾಡಕಚೇರಿಯ ಆಪರೇಟರ್, ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕ, ಉಪ ತಹಶೀಲ್ದಾರ್ ಹೀಗೆ ಮೆಟ್ಟಿಲುಗಳು ಗೊತ್ತಿರುವಂಥವು. ಕಡತ ಎಲ್ಲೋ ನಿಂತಿದೆ ಎಂದರೆ ಒಬ್ಬರ ಲಾಗಿನ್‌ನಲ್ಲಿ ನಿಂತಿದೆ ಎಂದೇ ಅರ್ಥ. ಆ ಒಬ್ಬರು ಯಾರು, ಗಡುವು ಯಾವತ್ತು ಎಂಬೆರಡು ಗೊತ್ತಿದ್ದರೆ ಸಾಕು, ತಂತ್ರಾಂಶವೇ ನಿಮ್ಮ ಪರವಾಗಿ ಅವರನ್ನು ಒತ್ತಾಯಿಸುತ್ತಿರುತ್ತದೆ. ಗಡುವು ಮೀರಿದ ಅರ್ಜಿಗಳ ಪಟ್ಟಿ ಮೇಲಧಿಕಾರಿಯ ಪರದೆಯಲ್ಲಿ ಕಾಣುತ್ತದೆ.

ಪ್ರಕರಣದಲ್ಲಿ ಈ ಒತ್ತಾಯ ಇಲ್ಲ. ಅಲ್ಲಿ ತಂತ್ರಾಂಶ ಮಾಡುವುದು ದಾಖಲೆ ಇಡುವ ಕೆಲಸ: ಯಾರು ಅರ್ಜಿದಾರರು, ಯಾರು ಎದುರುದಾರರು, ನೋಟಿಸ್ ಜಾರಿಯಾಯಿತೇ, ಮುಂದಿನ ವಿಚಾರಣೆ ಯಾವತ್ತು, ಆದೇಶ ಏನು. ತೀರ್ಮಾನ ಮಾಡುವುದು ಅಧಿಕಾರಿಯ ವಿವೇಚನೆ. ಎದುರು ಪಕ್ಷಕ್ಕೆ ನೋಟಿಸ್ ತಲುಪದೆ, ಅವರ ಮಾತು ಕೇಳದೆ ಆದೇಶ ಮಾಡಿದರೆ ಅದು ಮೇಲ್ಮನವಿಯಲ್ಲಿ ಬಿದ್ದುಹೋಗುತ್ತದೆ. ಹಾಗಾಗಿ ಪ್ರಕರಣದಲ್ಲಿ ‘ಯಾರ ಬಳಿ ಇದೆ’ ಎಂದು ಕೇಳಿದರೆ ಉಪಯೋಗವಿಲ್ಲ, ‘ಏನು ಬಾಕಿ ಇದೆ’ ಎಂದು ಕೇಳಬೇಕು. ನೋಟಿಸ್ ಬಾಕಿಯೇ, ಸ್ಥಳ ತನಿಖಾ ವರದಿ ಬಾಕಿಯೇ, ಹಳೆಯ ದಾಖಲೆಯ ನಕಲು ಬಾಕಿಯೇ? ಬಾಕಿ ಇರುವುದು ನಿಮ್ಮಿಂದಲೇ ಆಗಬೇಕಾದದ್ದಾದರೆ ಯಾವ ತಂತ್ರಾಂಶವೂ ಅದನ್ನು ತಂದುಕೊಡುವುದಿಲ್ಲ.

ಮಾಡಬೇಕಾದ್ದು

1. ಸ್ವೀಕೃತಿ ಚೀಟಿ ಪಡೆಯಿರಿ, ಅಲ್ಲೇ ಓದಿ. ಸಕಾಲದಡಿ ಬರುವ ಸೇವೆಯಾದರೆ ಚೀಟಿಯ ಮೇಲೆ ಜಿಎಸ್‌ಸಿ ಸಂಖ್ಯೆ ಇರುತ್ತದೆ, ಅರ್ಜಿ ಸ್ವೀಕರಿಸಿದ ದಿನಾಂಕ, ಸೇವೆ ಕೊಡಬೇಕಾದ ಕೊನೆಯ ದಿನಾಂಕ ಇರುತ್ತವೆ. ಹೆಸರು, ಊರು, ಸರ್ವೆ ನಂಬರು, ಸೇವೆಯ ಹೆಸರು ಸರಿಯಿದೆಯೇ ಎಂದು ಕೌಂಟರ್ ಬಿಡುವ ಮೊದಲೇ ನೋಡಿಕೊಳ್ಳಿ. ನಾಡಕಚೇರಿಯ ಚೀಟಿಯಲ್ಲಿರುವ ಸಂಖ್ಯೆಯಿಂದ ಆಮೇಲೆ ಮನೆಯಲ್ಲೇ ಕೂತು ಸ್ಥಿತಿ ನೋಡಬಹುದು. ಚೀಟಿಯ ಫೋಟೊ ತೆಗೆದು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಡಿ. ತೆಳು ಕಾಗದದ ಮೇಲಿನ ಅಕ್ಷರ ಎರಡು ತಿಂಗಳಲ್ಲಿ ಮಾಸಿಹೋಗುವುದುಂಟು.

2. ನಿಮ್ಮ ಕೆಲಸ ಯಾವ ಬಗೆಯದು ಎಂದು ಗೊತ್ತುಮಾಡಿಕೊಳ್ಳಿ. ಇದರಿಂದ ಇನ್ನೊಬ್ಬರ ಹಕ್ಕಿಗೆ ಧಕ್ಕೆ ಆಗುತ್ತದೆಯೇ? ಯಾರಾದರೂ ಆಕ್ಷೇಪಣೆ ಹಾಕಿದ್ದಾರೆಯೇ? ಹಳೆಯ ದಾಖಲೆ ತಪ್ಪೆಂದು ಅಧಿಕಾರಿ ತೀರ್ಮಾನಿಸಬೇಕೇ? ಮೂರಕ್ಕೂ ‘ಇಲ್ಲ’ ಎಂದಾದರೆ ಅದು ನೇರ ಅರ್ಜಿ. ಒಂದಕ್ಕಾದರೂ ‘ಹೌದು’ ಎಂದಾದರೆ ಇವತ್ತಲ್ಲ ನಾಳೆ ಅದು ಪ್ರಕರಣವಾಗುತ್ತದೆ, ಮೊದಲ ದಿನದಿಂದಲೇ ಹಾಗೆಂದು ಸಿದ್ಧರಾಗಿ.

3. ನೇರ ಅರ್ಜಿಯಾದರೆ ಹಂತ ನೋಡಿ, ಆ ಹಂತದವರನ್ನೇ ಕೇಳಿ. ಸ್ಥಿತಿ ‘ಗ್ರಾಮ ಆಡಳಿತ ಅಧಿಕಾರಿ’ ಹಂತದಲ್ಲಿದ್ದರೆ ತಾಲೂಕು ಕಚೇರಿಯಲ್ಲಿ ನಿಂತು ಪ್ರಯೋಜನವಿಲ್ಲ, ನಿಮ್ಮ ವೃತ್ತದವರಿಗೆ ಫೋನ್ ಮಾಡಿ. ಅವರು ಸ್ಥಳಕ್ಕೆ ಬರಬೇಕೇ, ಪಂಚರ ಸಹಿ ಬೇಕೇ ಎಂದು ಕೇಳಿಕೊಳ್ಳಿ. ‘ನನ್ನದು ಯಾವಾಗ ಆಗುತ್ತೆ ಸಾರ್’ ಎಂಬ ಪ್ರಶ್ನೆಗೆ ‘ನಾಳೆ’ ಎಂಬುದೇ ಉತ್ತರ. ‘ಜಿಎಸ್‌ಸಿ ಸಂಖ್ಯೆ ಇದು, ಗಡುವು 18ನೇ ತಾರೀಖು, ನಿಮ್ಮ ಲಾಗಿನ್‌ನಲ್ಲಿದೆ, ನನ್ನಿಂದ ಏನಾದರೂ ಬೇಕಾ’ ಎಂದರೆ ಮಾತಿನ ಧಾಟಿಯೇ ಬದಲಾಗುತ್ತದೆ.

4. ಗಡುವು ಮೀರಿದರೆ ಮೇಲ್ಮನವಿ ಹಾಕಿ. ಸಕಾಲ ಕಾಯ್ದೆಯ ಪ್ರಕಾರ ಗಡುವು ಮುಗಿದ ದಿನದಿಂದ, ಇಲ್ಲವೇ ಅರ್ಜಿ ತಿರಸ್ಕಾರವಾದ ದಿನದಿಂದ 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚ ಪಡೆಯಲು ಅವಕಾಶವಿದೆ, ತಪ್ಪಿತಸ್ಥ ಸಿಬ್ಬಂದಿಯಿಂದ ಅದನ್ನು ವಸೂಲು ಮಾಡುತ್ತಾರೆ. ಮೊತ್ತ ಸಣ್ಣದು, ನಿಜ. ಆದರೆ ಮೇಲ್ಮನವಿ ದಾಖಲಾದ ಮೇಲೆ ಆ ಕಡತವನ್ನು ಕೆಳಗೆ ತಳ್ಳಿಡಲು ಯಾರೂ ಮನಸ್ಸು ಮಾಡುವುದಿಲ್ಲ. ಜಗಳ ಮಾಡುವುದಕ್ಕಿಂತ ಈ ಒಂದು ಕಾಗದ ಹೆಚ್ಚು ಕೆಲಸ ಮಾಡುತ್ತದೆ.

5. ಪ್ರಕರಣವಾದರೆ ನಿಮ್ಮದೇ ಒಂದು ಕಡತ ಕಟ್ಟಿ. ಮೊದಲ ಹಾಳೆಯಲ್ಲಿ ದಿನಾಂಕ, ಏನಾಯಿತು, ಮುಂದೇನು ಎಂಬ ಮೂರು ಕಾಲಂ ಹಾಕಿ. ಎರಡನೆಯದು ದಾಖಲೆಗಳ ಪಟ್ಟಿ. ಕಚೇರಿಗೆ ಏನೇ ಕೊಟ್ಟರೂ ಅದರ ಇನ್ನೊಂದು ಪ್ರತಿಯ ಮೇಲೆ ಟಪ್ಪಾಲು ವಿಭಾಗದ ಸೀಲು, ದಿನಾಂಕ ಹಾಕಿಸಿ ಇಟ್ಟುಕೊಳ್ಳಿ. ಇ-ಆಫೀಸಿನಲ್ಲಿ ನಡೆಯುವ ಕಡತವಾದರೆ ಅದರ ಕಡತ ಸಂಖ್ಯೆ ಮತ್ತು ಕಂಪ್ಯೂಟರ್ ಸಂಖ್ಯೆ ಎರಡನ್ನೂ ಬರೆದುಕೊಳ್ಳಿ. ವಿಷಯ ನಿರ್ವಾಹಕರು ವರ್ಗವಾಗಿ ಹೋದರೂ ಆ ಸಂಖ್ಯೆಯಿಂದ ಕಡತ ಸಿಗುತ್ತದೆ.

6. ಸರಿಯಾದ ಸಂಖ್ಯೆಯನ್ನು ಸರಿಯಾದ ಕಡೆ ಹುಡುಕಿ. ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ನ್ಯಾಯಾಲಯದ ಪ್ರಕರಣವಾದರೆ ಆರ್‌ಸಿಸಿಎಂಎಸ್ ಜಾಲತಾಣ. ಬಳ್ಳಾರಿ, ಸಿರುಗುಪ್ಪ ನ್ಯಾಯಾಲಯದ ದಾವೆಯಾದರೆ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ. ನಮ್ಮ ರಾಜ್ಯದ್ದು ‘ಕೆಎ’ ಎಂಬ ಎರಡು ಇಂಗ್ಲಿಷ್ ಅಕ್ಷರದಿಂದ ಶುರುವಾಗುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಇದನ್ನು ಹಾಕಿದರೆ ಹಿಂದಿನ ತಾರೀಖುಗಳು, ಮುಂದಿನ ತಾರೀಖು, ಆದೇಶ ಎಲ್ಲ ಸಿಗುತ್ತವೆ. ವಕೀಲರ ಬಳಿ ಮೊದಲ ದಿನವೇ ಈ ಸಂಖ್ಯೆ ಕೇಳಿ ಬರೆದುಕೊಳ್ಳಿ. ಜಿಎಸ್‌ಸಿ ಸಂಖ್ಯೆ ಹಿಡಿದು ಆರ್‌ಸಿಸಿಎಂಎಸ್‌ನಲ್ಲಿ ಹುಡುಕಿ ‘ನನ್ನ ಕಡತವೇ ಇಲ್ಲ’ ಎಂದು ಗಾಬರಿಯಾಗುವವರಿದ್ದಾರೆ.

ಅರ್ಜಿ ಪ್ರಕರಣವಾಗುವ ಬಗೆ: ಪೌತಿ ಖಾತೆ

ಕುರುಗೋಡು ತಾಲೂಕಿನ ಒಂದು ಕುಟುಂಬ ಎಂದಿಟ್ಟುಕೊಳ್ಳಿ. ತಂದೆ ತೀರಿಕೊಂಡಿದ್ದಾರೆ, ನಾಲ್ಕು ಎಕರೆ ಕಾಲುವೆ ನೀರಿನ ಹೊಲ ಅವರ ಹೆಸರಿನಲ್ಲೇ ಇದೆ. ಮೂವರು ಗಂಡುಮಕ್ಕಳು, ಸಿರುಗುಪ್ಪಕ್ಕೆ ಕೊಟ್ಟ ಒಬ್ಬ ಮಗಳು. ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್ ಜೋಡಿಸಿ ಪೌತಿ ಖಾತೆಗೆ ಅರ್ಜಿ ಕೊಡುತ್ತಾರೆ. ಭೂಮಿ ತಂತ್ರಾಂಶದಲ್ಲಿ ಸರದಿ ಬರುತ್ತದೆ, ನೋಟಿಸ್ ಹೊರಡುತ್ತದೆ, ಆಕ್ಷೇಪಣೆಯ ಅವಧಿ ಕಳೆದರೆ ಕಂದಾಯ ನಿರೀಕ್ಷಕರು ಮಂಜೂರು ಮಾಡುತ್ತಾರೆ. ಪಹಣಿಯ 9ನೇ ಕಾಲಮಿನಲ್ಲಿ ಹೊಸ ಹೆಸರುಗಳು ಕೂರುತ್ತವೆ. ಇಲ್ಲಿಯವರೆಗೆ ಇದು ನೇರ ಅರ್ಜಿ.

ಈಗ ವಂಶವೃಕ್ಷದಲ್ಲಿ ಮಗಳ ಹೆಸರು ಬಿಟ್ಟಿದ್ದಾರೆ ಎನ್ನಿ. ‘ಮದುವೆಯಲ್ಲಿ ಅವಳಿಗೆ ಕೊಟ್ಟಾಗಿದೆ’ ಎಂಬುದು ಮನೆಯ ಲೆಕ್ಕ. ಅವಳಿಗೆ ಸುದ್ದಿ ತಿಳಿದು ಅವಧಿಯೊಳಗೆ ಒಂದು ಆಕ್ಷೇಪಣೆ ಕೊಡುತ್ತಾಳೆ. ಆ ಕ್ಷಣಕ್ಕೆ ಇದು ನೇರ ದಾರಿ ಬಿಟ್ಟು ತಕರಾರು ಪ್ರಕರಣವಾಗುತ್ತದೆ. ಇನ್ನು ಚೀಟಿಯ ಮೇಲಿನ ಗಡುವು ಹಿಡಿದು ವಾದಿಸಿ ಫಲವಿಲ್ಲ. ಇಬ್ಬರಿಗೂ ನೋಟಿಸ್ ಹೋಗಬೇಕು, ಇಬ್ಬರ ಹೇಳಿಕೆಯೂ ಆಗಬೇಕು. ಆದೇಶ ಒಪ್ಪಿಗೆಯಾಗದವರು ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಕಲಂ 136(2)ರಡಿ ಬಳ್ಳಾರಿಯ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು, ಅಲ್ಲಿಂದ 136(3)ರಡಿ ಜಿಲ್ಲಾಧಿಕಾರಿಗೆ ಪುನರೀಕ್ಷಣಾ ಅರ್ಜಿ. ಪಾಲಿನ ಹಕ್ಕನ್ನೇ ತೀರ್ಮಾನಿಸಬೇಕಾದರೆ ಅದು ಸಿವಿಲ್ ನ್ಯಾಯಾಲಯದ ಕೆಲಸ, ತಹಶೀಲ್ದಾರರದಲ್ಲ. ಹದಿನೈದು ದಿನದ್ದು ಹದಿನೈದು ವರ್ಷದ್ದಾಗುವುದು ಹೀಗೆ.

ಇಲ್ಲಿ ನನ್ನ ಅಭಿಪ್ರಾಯವನ್ನು ಖಚಿತವಾಗಿ ಹೇಳುತ್ತೇನೆ. ಹೆಣ್ಣುಮಕ್ಕಳ ಹೆಸರು ಬಿಟ್ಟು ವಂಶವೃಕ್ಷ ಬರೆಸುವುದು ತಪ್ಪು, ಕಾನೂನಿನಲ್ಲೂ ತಪ್ಪು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಅದನ್ನು ಮತ್ತೆ ಸ್ಪಷ್ಟಪಡಿಸಿದೆ. ಎಲ್ಲರ ಹೆಸರನ್ನೂ ಬರೆದು, ಎಲ್ಲರನ್ನೂ ಕೂರಿಸಿ ಮಾತಾಡಿ, ಯಾರಾದರೂ ಹಕ್ಕು ಬಿಡಲು ಒಪ್ಪಿದರೆ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಮಾಡಿಸಿ. ಪ್ರಕರಣ ಹುಟ್ಟದಂತೆ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

371(ಜೆ) ಪ್ರಮಾಣಪತ್ರ: ನಡುವಿನ ಬಗೆ

ಕಲ್ಯಾಣ ಕರ್ನಾಟಕದ ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಿಗೆ, ಉದ್ಯೋಗಾಕಾಂಕ್ಷಿಗಳಿಗೆ ಬೇಕಾದ, ಸಂವಿಧಾನದ 371(ಜೆ) ವಿಧಿಯಡಿಯ ಸ್ಥಳೀಯ ವ್ಯಕ್ತಿ ಪ್ರಮಾಣಪತ್ರ ಕೆಳಗಿನವರ ವರದಿಗಳ ಮೇಲೆ ಉಪವಿಭಾಗಾಧಿಕಾರಿಯವರ ಬಳಿ ಮುಗಿಯುವಂಥದ್ದು. ವ್ಯಾಸಂಗದ, ವಾಸದ ದಾಖಲೆ ಎಲ್ಲ ಜಿಲ್ಲೆಯೊಳಗೇ ಇದ್ದರೆ ನೇರ ಅರ್ಜಿಯಂತೆ ಸಾಗುತ್ತದೆ. ಗಡಿಯ ಹಳ್ಳಿಯವರು ಕೆಲವು ವರ್ಷ ಆದೋನಿ ಕಡೆ ಓದಿದ್ದರೆ, ಇಲ್ಲವೇ ಅಪ್ಪ-ಅಮ್ಮ ದುಡಿಯಲು ಗುಳೆ ಹೋದಾಗ ಶಾಲೆ ತಪ್ಪಿದ್ದರೆ, ಅಧಿಕಾರಿ ದಾಖಲೆಗಳನ್ನು ತೂಗಿ ನೋಡಬೇಕಾಗುತ್ತದೆ. ಅಂಥವರು ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಪಡಿತರ ಚೀಟಿ, ತಂದೆ-ತಾಯಿಯ ಹಳೆಯ ದಾಖಲೆಗಳನ್ನು ವರ್ಷವಾರು ಜೋಡಿಸಿ, ಯಾವ ವರ್ಷ ಎಲ್ಲಿದ್ದೆ ಎಂಬ ಒಂದು ಪುಟದ ವಿವರಣೆಯನ್ನು ಮೇಲಿಟ್ಟು ಕೊಡುವುದು ಒಳ್ಳೆಯದು. ಕೌನ್ಸೆಲಿಂಗ್ ತಾರೀಖು ಬಂದ ಮೇಲೆ ಓಡಬೇಡಿ, ಪಿಯುಸಿ ಓದುತ್ತಿರುವಾಗಲೇ ಮಾಡಿಸಿಡಿ.

ಸಾಮಾನ್ಯ ತಪ್ಪುಗಳು

* ಸೈಬರ್ ಸೆಂಟರಿನವರ ಮೊಬೈಲ್ ಸಂಖ್ಯೆ ಹಾಕಿಸುವುದು. ‘ದಾಖಲೆ ಕಡಿಮೆ ಇದೆ, ಸಲ್ಲಿಸಿ’ ಎಂಬ ಎಸ್‌ಎಂಎಸ್ ಅಂಗಡಿಯವರ ಫೋನಿಗೆ ಹೋಗುತ್ತದೆ, ನೀವು ಇಲ್ಲಿ ಕಾಯುತ್ತಾ ಕೂರುತ್ತೀರಿ. ಮನೆಯಲ್ಲಿ ಯಾವ ಸಂಖ್ಯೆ ಸದಾ ಚಾಲ್ತಿಯಲ್ಲಿರುತ್ತದೆಯೋ ಅದನ್ನೇ ಕೊಡಿ. ಓಟಿಪಿ ಮಾತ್ರ ಯಾರಿಗೂ ಫೋನಿನಲ್ಲಿ ಹೇಳಬೇಡಿ.

* ತಡವಾಯಿತೆಂದು ಅದೇ ಕೆಲಸಕ್ಕೆ ಎರಡನೇ ಅರ್ಜಿ ಹಾಕುವುದು. ಒಂದೇ ಹೊಲದ ಮೇಲೆ ಎರಡು ವಹಿವಾಟು ಕಂಡರೆ ಪರಿಶೀಲಿಸುವವರಿಗೆ ಗೊಂದಲ, ಎರಡೂ ನಿಲ್ಲುತ್ತವೆ. ಮೊದಲನೆಯದನ್ನು ಲಿಖಿತವಾಗಿ ಹಿಂಪಡೆದ ಮೇಲಷ್ಟೇ ಹೊಸದು.

* ಹೆಸರಿನ ವ್ಯತ್ಯಾಸವನ್ನು ಹಗುರವಾಗಿ ತೆಗೆದುಕೊಳ್ಳುವುದು. ಪಹಣಿಯಲ್ಲಿ ‘ದೊಡ್ಡಬಸಪ್ಪ’, ಆಧಾರಿನಲ್ಲಿ ‘ಡಿ. ಬಸಪ್ಪ’; ಅಲ್ಲಿ ‘ಎರ್ರಿಸ್ವಾಮಿ’, ಇಲ್ಲಿ ‘ಎರಿಸ್ವಾಮಿ’; ಅಲ್ಲಿ ‘ಹುಲಿಗೆವ್ವ’, ಇಲ್ಲಿ ‘ಹುಲಿಗೆಮ್ಮ’. ಮನುಷ್ಯರಿಗೆ ಇದು ಒಬ್ಬರೇ ಎಂದು ಗೊತ್ತು, ಯಂತ್ರಕ್ಕೆ ಇಬ್ಬರು. ಅರ್ಜಿ ಹಾಕುವ ಮೊದಲೇ ಎಲ್ಲ ದಾಖಲೆಯ ಹೆಸರುಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಇಂಗ್ಲಿಷಿನಲ್ಲಿ ಊರಿನ ಹೆಸರು 2014ರ ನವೆಂಬರ್ 1ರಿಂದ ‘ಬಳ್ಳಾರಿ’ ಎಂದು ಬದಲಾಗಿರುವುದರಿಂದ ಹಳೆಯ ಅಂಕಪಟ್ಟಿಗಳಲ್ಲಿ ‘ಬೆಳ್ಳಾರಿ’ ಎಂಬಂಥ ಕಾಗುಣಿತವೇ ಇರುತ್ತದೆ. ಅದು ತಪ್ಪಲ್ಲ, ಕೇಳಿದರೆ ವಿವರಿಸಿ ಸಾಕು.

* ಕುರುಗೋಡಿನವರು ಹಳೆಯ ದಾಖಲೆಯನ್ನು ಹೊಸ ತಾಲೂಕಿನ ಹೆಸರಿನಲ್ಲಿ ಮಾತ್ರ ಹುಡುಕುವುದು. ಕುರುಗೋಡು ಮೊದಲು ಬಳ್ಳಾರಿ ತಾಲೂಕಿನಲ್ಲೇ ಇತ್ತು. ಆಗಿನ ಆದೇಶಗಳಲ್ಲಿ, ಕಡತಗಳಲ್ಲಿ ‘ಬಳ್ಳಾರಿ ತಾಲೂಕು’ ಎಂದೇ ಇರುತ್ತದೆ. ನಕಲು ಅರ್ಜಿ ಹಾಕುವ ಮುನ್ನ ಆ ವರ್ಷದ ಕಡತ ಯಾವ ಅಭಿಲೇಖಾಲಯದಲ್ಲಿದೆ ಎಂದು ಕೇಳಿ. ಭೂ ಸುರಕ್ಷಾ ಯೋಜನೆಯಡಿ ಹಳೆಯ ಕಡತಗಳ ಸ್ಕ್ಯಾನಿಂಗ್ ನಡೆದಿರುವುದರಿಂದ ಅಲ್ಲಿಯೂ ವಿಚಾರಿಸಿ.

* ನೋಟಿಸ್ ಬಂದರೂ ಸಹಿ ಹಾಕದೆ ವಾಪಸ್ ಕಳಿಸುವುದು. ಸಹಿ ಹಾಕಿದರೆ ಒಪ್ಪಿದಂತೆ ಎಂಬ ಭಯ ಹಳ್ಳಿಗಳಲ್ಲಿ ಬಹಳ. ನೋಟಿಸಿನ ಸಹಿಗೆ ‘ನನಗೆ ತಲುಪಿತು’ ಎಂದಷ್ಟೇ ಅರ್ಥ. ಬೇಡವೆಂದು ತಿರುಗಿಸಿದರೆ ನಿಮ್ಮ ಮಾತು ಕೇಳದೆಯೇ ಆದೇಶ ಆಗಿಬಿಡುವ ಅಪಾಯವಿದೆ.

ಎಚ್ಚರಿಕೆಯ ಮಾತು

ಮಾಹಿತಿ ಹಕ್ಕು ಅರ್ಜಿ ಒಳ್ಳೆಯ ಸಾಧನ. 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ‘ನನ್ನ ಕೆಲಸ ಯಾಕೆ ಆಗಿಲ್ಲ’ ಎಂದು ಕೇಳಬೇಡಿ. ‘ಇಂಥ ಸಂಖ್ಯೆಯ ಕಡತದ ಟಿಪ್ಪಣಿ ಹಾಳೆಗಳ ಮತ್ತು ಆರ್ಡರ್ ಶೀಟಿನ ದೃಢೀಕೃತ ನಕಲು ಕೊಡಿ’ ಎಂದು ಕೇಳಿ. ಆ ಹಾಳೆಗಳಲ್ಲಿ ಕಡತ ಎಲ್ಲಿ, ಯಾಕೆ ನಿಂತಿದೆ ಎಂಬುದು ಅವರದೇ ಬರಹದಲ್ಲಿ ಇರುತ್ತದೆ.

1902 ಸಹಾಯವಾಣಿಗೆ ಕೊಟ್ಟ ದೂರು ಕೊನೆಗೆ ನಿಮ್ಮ ಕಡತ ಇರುವ ಕಚೇರಿಗೇ ಬರುತ್ತದೆ. ನೇರ ಅರ್ಜಿ ನಿಂತಿದ್ದರೆ ಅದರಿಂದ ಅನುಕೂಲವಾಗುತ್ತದೆ. ತಕರಾರು ಪ್ರಕರಣವಾದರೆ ‘ವಿಚಾರಣೆಯಲ್ಲಿದೆ’ ಎಂಬ ಉತ್ತರ ಹಾಕಿ ದೂರು ಮುಗಿಸುತ್ತಾರೆ. ಅಂಥ ಕಡೆ ದೂರಿನ ಬದಲು, ವಿಚಾರಣೆಯ ದಿನ ಹಾಜರಾಗಿ ಬಾಕಿ ದಾಖಲೆ ಸಲ್ಲಿಸುವುದೇ ಸರಿ.

ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇವೆ ಎನ್ನುವವರು ನೇರ ಅರ್ಜಿಯಲ್ಲಿ ತಾನಾಗಿಯೇ ಆಗುವ ಕೆಲಸಕ್ಕೆ ಹಣ ಕೀಳುತ್ತಾರೆ, ಪ್ರಕರಣದಲ್ಲಿ ಆಗದ ಕೆಲಸಕ್ಕೆ. ಮೂಲ ದಾಖಲೆಗಳನ್ನಂತೂ ಅವರ ಕೈಗೆ ಕೊಡಲೇಬೇಡಿ.

ಇದನ್ನು ಓದುತ್ತಿರುವ ಯುವಕ ಯುವತಿಯರಲ್ಲಿ ಒಂದು ಕೋರಿಕೆ. ನಿಮ್ಮ ಓಣಿಯಲ್ಲಿ ಸ್ಮಾರ್ಟ್‌ಫೋನ್ ಬಳಸಲು ಬಾರದ ಅಜ್ಜ, ಅಮ್ಮಂದಿರ ಕೈಯಲ್ಲೂ ಇಂಥ ಚೀಟಿಗಳಿರುತ್ತವೆ. ವಾರಕ್ಕೊಮ್ಮೆ ಅವರ ಸಂಖ್ಯೆ ಹಾಕಿ ನೋಡಿ, ಯಾವ ಹಂತದಲ್ಲಿದೆ, ಗಡುವು ಯಾವತ್ತು, ಅವರು ಏನು ತರಬೇಕು ಎಂದು ಒಂದು ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಡಿ.